ಪೇಟಿ ಅಂಗಡಿಯ ಬೇಗಂ

"ಏನ್ರೀ ಫಕ್ರುಸಾಬ, ಇದು ಪಂಚಮನೋ, ನಿಮ್ಮ ಬೆಕ್ಕೋ?"

ಯಜ್ಞೇಶ್ವರ ಮಾಸ್ತರರು ಎಡಗೈಯಿಂದ ಹಾರ್ಮೋನಿಯಂ ಪೇಟಿಯ ತಿದಿ ಒತ್ತುತ್ತಾ, ಬಲಗೈಯಿಂದ ಎರಡು ಪಟ್ಟಿಗಳನ್ನು ಒಟ್ಟಿಗೇ ಅದುಮಿ ಹಿಡಿದಿದ್ದರು. ಸಾ ಮತ್ತು ಪಾ. ಎರಡೂ ಸ್ವರಗಳು ಹಾಲು ಸಕ್ಕರೆಯ ಹಾಗೆ ಬೆರೆಯಬೇಕಿತ್ತು. ಆದರೆ ಪಾ ಸಿಟ್ಟು ಮಾಡಿಕೊಂಡವರ ಹಾಗೆ ಬೇರೆ ಕಡೆ ಮುಖ ತಿರುಗಿಸಿ ವಂವ್ ವಂವ್ ಎಂದು ತೂಗಾಡುತ್ತಿತ್ತು.

ಅದು ಸಾಲದು ಎಂಬಂತೆ ಹಲಗೆಗಳ ಅಟ್ಟಿಯ ಮೇಲೆ ಕುಳಿತಿದ್ದ ಬೇಗಂ ಬಾಯಿ ತೆರೆದಳು.

"ಮ್ಯಾಂವ್... ಊಂವ್!"

"ನೋಡ್ರಿ, ಅದೇ ಒಪ್ಪಿಕೊಂಡ್ತು," ಎಂದು ಮಾಸ್ತರರು ಹಲ್ಲು ಕಿಸಿದರು.

ಅಜ್ಜ ಫಕ್ರುಸಾಬ ಮುಂದಕ್ಕೆ ಬಾಗಿದ. "ಏನಂದ್ರಿ?"

"ಬೆಕ್ಕು, ಬೆಕ್ಕು!" ಮಾಸ್ತರರು ಅಟ್ಟಿಯ ಕಡೆ ಬೆರಳು ತೋರಿಸಿದರು. "ಪೇಟಿಯೊಳಗ ಹೊಕ್ಕು ಕೂತದೇನು ಅಂತ ಕೇಳಿದೆ."

ಅಜ್ಜ ತಲೆಯೆತ್ತಿ ನೋಡಿದ. ಬೇಗಂ ಮತ್ತೆ ಬಾಯಿ ತೆರೆದಿದ್ದಳು. ಅಜ್ಜನ ಮುಖ ಕೆಂಪಗಾಯಿತು.

"ಎಲ್ಲಾ ಇದರ ಸಂಬಂಧನೇ ಆಗಿದ್ದು ಮಾಸ್ತರ!" ಅಜ್ಜ ಎಷ್ಟು ಜೋರಾಗಿ ಕೂಗಿದನೆಂದರೆ ಎದುರಿನ ಬಳೆಯಂಗಡಿಯವರು ತಲೆ ಹೊರಗೆ ಹಾಕಿದರು. "ನಾ ಸುರ ಕೂಡಸಾಕ ಕುಂತ್ನೆಂದ್ರ ಇದು ಎದುರಿಗೆ ಬಂದು ಕುಂತು ಒದರತೈತಿ. ಹಿಂಗ ಒದರಿದ್ರ ಯಾರ ಕಿವಿ ನೆಟ್ಟಗ ಇರತೈತಿ?"

"ಅಂದ್ರ ಬೆಕ್ಕಿನ ಸುರ ಹಿಡದು ಪೇಟಿ ಕೂಡಸ್ತೀರಿ. ಛಲೋ ಆತು. ನಮ್ಮ ರಾಜಾ ಪಾರ್ಟು ಹಾಡ್ಲಿಕ್ಕೆ ನಿಂತ ಅಂದ್ರ ಥೇಟರದಾಗಿನ ಇಲಿ ಎಲ್ಲಾ ಓಡಿ ಹೋಗ್ತಾವ."

ಅಜ್ಜನ ಮೊಮ್ಮಗಳು ಅಬೀದಾ ಶಾಲೆಯ ಚೀಲ ಹಿಡಿದು ಹೊಸ್ತಿಲ ಮೇಲೆ ನಿಂತು ಇದೆಲ್ಲ ಕೇಳುತ್ತಿದ್ದಳು. ಅವಳಿಗೆ ಮಾಸ್ತರರನ್ನು ಕಂಡರಾಗದು. ಇವರೇನೂ ಶಾಲೆಯ ಮಾಸ್ತರರಲ್ಲ, ನಾಟಕ ಕಂಪನಿಯಲ್ಲಿ ಪೇಟಿ ಬಾರಿಸುವ ಮಾಸ್ತರರು. ಮಾತಾಡುವ ಸಿನಿಮಾ ಬಂದಾಗಿನಿಂದ ನಾಟಕಕ್ಕೆ ಜನ ಕಡಿಮೆಯಾಗಿದ್ದರು. ಆದರೆ ಮಾಸ್ತರರ ಜರಿ ಶಾಲು, ಅತ್ತರು, ಬಾಯ್ತುಂಬ ಎಲೆಅಡಿಕೆ ಮಾತ್ರ ಕಡಿಮೆಯಾಗಿರಲಿಲ್ಲ. ಉರಿಬಿಸಿಲಲ್ಲೂ ಶಾಲು ಹೊದ್ದು ಬೆವರುವ ಮನುಷ್ಯನನ್ನು ಅಬೀದಾ ಇವರೊಬ್ಬರನ್ನೇ ಕಂಡಿದ್ದಳು.

"ನಾಳೆ ಸಂಜಿಗೆ ಬರ್ತೇನಿ," ಎಂದರು ಮಾಸ್ತರರು ಎದ್ದು ನಿಂತು. "ಇದು ಎರಡನೇ ಸಲ ತಂದಿದ್ದು. ನಾಡದು ಮೊದಲ ಆಟ. ನಾಳೆನೂ ಹಿಂಗೇ ಇತ್ತಂದ್ರ ಬ್ಯಾರೆ ಪೇಟಿ ಬಾಡಿಗಿ ತರ್ತೇವಿ. ಮುಂದ ನಮ್ಮ ಕಂಪನಿಯ ಒಂದು ಪೇಟಿನೂ ಈ ಕಟ್ಟಿ ಹತ್ತೂದಿಲ್ಲ. ತಿಳೀತೇನು?"

ಅವರು ಹೋದಮೇಲೆ ಅಂಗಡಿಯಲ್ಲಿ ಅತ್ತರಿನ ವಾಸನೆ ಉಳಿಯಿತು. ಬೇಗಂ ಇನ್ನೊಮ್ಮೆ ಒದರಿದಳು.

ಎಲ್ಲಕ್ಕಿಂತ ಅಬೀದಾಳ ಹೊಟ್ಟೆ ಉರಿಸಿದ್ದು ಒಂದೇ ಸಂಗತಿ. ಆ ಮನುಷ್ಯ ಹೇಳಿದ್ದು ಖರೆ ಇತ್ತು. ಪಾ ಇಳಿದಿತ್ತು. ಕೂದಲೆಳೆಯಷ್ಟಲ್ಲ, ಬಾವಿಯ ಹಗ್ಗದಷ್ಟು.

ಅಬೀದಾಳ ಕಿವಿಗೆ ಇಂಥದ್ದು ತಪ್ಪುತ್ತಿರಲಿಲ್ಲ. ಸುರದ ಮನೆಯಲ್ಲೇ ಹುಟ್ಟಿ ಬೆಳೆದವಳು ಅವಳು. ಹುಬ್ಬಳ್ಳಿಯ ದುರ್ಗದ ಬೈಲಿನ ಹತ್ತಿರದ ಆ ಸಣ್ಣ ಮನೆಯಲ್ಲಿ ಮುಂದೆ ಅಂಗಡಿ, ಪಡದೆಯ ಹಿಂದೆ ಕಟ್ಟಿಗೆ ಕೋಣೆ, ಅದರಾಚೆ ಅಡಿಗೆಮನೆ. ಅಪ್ಪ ಉಸ್ಮಾನಸಾಬ ಕಟ್ಟಿಗೆ ಕೋಣೆಯಲ್ಲಿ ಪೇಟಿಯ ಮೈ ಮಾಡುತ್ತಿದ್ದ. ಅವಳು ದಾದಾ ಎಂದು ಕರೆಯುವ ಅಜ್ಜ ಅದಕ್ಕೆ ಜೀವ ತುಂಬುತ್ತಿದ್ದ. ಪೇಟಿಯೊಳಗಿನ ಹಿತ್ತಾಳೆಯ ಸಣ್ಣ ಸಣ್ಣ ನಾಲಗೆಗಳನ್ನು, ಅಂದರೆ ರೀಡುಗಳನ್ನು, ಅರದಿಂದ ಮೆಲ್ಲಗೆ ಉಜ್ಜಿ ಉಜ್ಜಿ ಸುರಕ್ಕೆ ತರುವುದು ಅವನ ಕೆಲಸ. ಹುಬ್ಬಳ್ಳಿ, ಧಾರವಾಡದ ಎಷ್ಟೋ ಭಜನೆಗಳಲ್ಲಿ, ಎಷ್ಟೋ ನಾಟಕಗಳಲ್ಲಿ ಅವನು ಕೂಡಿಸಿದ ಪೇಟಿಗಳೇ ಹಾಡುತ್ತಿದ್ದವು.

ತನ್ನ ಕಿವಿಯ ಬಗ್ಗೆ ಅಬೀದಾಳಿಗೆ ಬಹಳ ಜಂಬ. ಶಾಲೆಯಲ್ಲಿ ಮದೀನಾಬಿ ಪದ್ಯ ಹಾಡಿದಾಗ, "ನೀ ಹಾಡಬ್ಯಾಡ, ಓದು ಸಾಕು," ಎಂದು ಎಲ್ಲರ ಎದುರಿಗೇ ಹೇಳಿದ್ದಳು. ಮದೀನಾಬಿ ಅತ್ತಳು. ಅಬೀದಾ, "ಅಳೂದರಾಗೂ ಸುರ ಇಲ್ಲ," ಎಂದಿದ್ದಳು. ಅಂದಿನಿಂದ ಹುಡುಗಿಯರು ಇವಳಿಗಾಗಿ ಕಾಯುತ್ತಿದ್ದರು. ಬೇಗಂ ಒದರಲು ಶುರುಮಾಡಿದ್ದೇ ತಡ, "ನಿಮ್ಮ ದಾದಾ ಈಗ ಬೆಕ್ಕಿಗೆ ತಿದಿ ಹಚ್ಚ್ಯಾರಂತಲ್ಲ?" ಎಂದು ಕೇಳತೊಡಗಿದರು.

ಹೀಗಾಗಿ ಅಬೀದಾಳ ಲೆಕ್ಕದಲ್ಲಿ ಎಲ್ಲ ಅವಮಾನಕ್ಕೂ ಬೇಗಂಳೇ ಕಾರಣ.

ಒಂದು ಕಾಲದಲ್ಲಿ ಬೇಗಂ ಈ ಮನೆಯ ದೊಡ್ಡ ನೌಕರಳು. ಇಲಿಗಳಿಗೆ ತಿದಿಯ ಚರ್ಮವೆಂದರೆ ಪ್ರಾಣ. ಒಂದು ಇಲಿ ಒಳಗೆ ಹೊಕ್ಕರೆ ಹೊಸ ಪೇಟಿಯೂ ಬೆಳಗಾಗುವಷ್ಟರಲ್ಲಿ ಉಸಿರು ಬಿಡುತ್ತಿತ್ತು. ಬೇಗಂ ಬಂದಮೇಲೆ ಇಲಿಗಳು ಓಣಿಯನ್ನೇ ಬಿಟ್ಟವು. ಬೂದು ಮೈ, ಕರಿ ಪಟ್ಟೆ, ಬಾಲ ಎತ್ತಿಕೊಂಡು ಅಂಗಡಿಯ ತುಂಬ ನಡೆಯುವ ಗತ್ತು. ಅದನ್ನು ನೋಡಿಯೇ ಅಜ್ಜ ಆ ಹೆಸರಿಟ್ಟಿದ್ದ.

ಈಗ ಮೈಯ ಕೂದಲು ಜಡೆಗಟ್ಟಿದ್ದವು. ಬೆನ್ನೆಲುಬು ಕಾಣುತ್ತಿತ್ತು. ಇಲಿ ಎದುರಿಗೆ ಹಾದರೂ ಬೇಗಂ ಅತ್ತ ನೋಡುತ್ತಿರಲಿಲ್ಲ. ಒದರುವುದೊಂದೇ ಕೆಲಸ. ಬೆಳಗಿನ ಬಾಂಗಿಗೆ ಮುಂಚೆ ಒದರುವುದು, ಉಂಡಮೇಲೆ ಒದರುವುದು, ಯಾರೂ ಇಲ್ಲದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಒದರುವುದು. ಅದೂ ಎಂಥ ದನಿ! ಹಳೆಯ ಬಾಗಿಲನ್ನು ಎಳೆದ ಹಾಗೆ.

ಓಣಿಯಲ್ಲಿ ಎಲ್ಲರೂ ಪಂಡಿತರಾದರು. "ಹಸದಿರಬೇಕು," ಎಂದಳು ಅಬೀದಾಳ ತಾಯಿ ರಸೂಲಬಿ. ಹಾಲು ಹಾಕಿದರೆ ಬೇಗಂ ಕುಡಿದು ಇನ್ನಷ್ಟು ಜೋರಾಗಿ ಒದರಿದಳು. "ದುರಾಸೆ, ಮತ್ತೇನು," ಎಂದಳು ಪಕ್ಕದ ಮನೆಯ ಗುಲ್ಜಾರಬಿ. ಅವಳೇ ದಿನಾ ಸಂಜೆ ಸಕ್ಕರೆ ಕೇಳಿಕೊಂಡು ಬರುತ್ತಿದ್ದಳು. ಬಳೆಯಂಗಡಿಯವರು, "ಮನಿಗೆ ಏನೋ ಕೆಟ್ಟದ್ದು ಬರೂದೈತಿ," ಎಂದು ಕಣ್ಣು ದೊಡ್ಡದು ಮಾಡಿ ಹೇಳಿದರು. ಅವರು ಮಳೆ ಬಂದರೂ ಹಾಗೇ ಹೇಳುತ್ತಿದ್ದರು, ಬರದಿದ್ದರೂ ಹಾಗೇ.

"ಹಸಿವಿಲ್ಲ, ದುರಾಸೆ ಇಲ್ಲ," ಎನ್ನುತ್ತಿದ್ದಳು ಅಬೀದಾ. "ಬರೇ ಸೊಕ್ಕು. ಬಾಯಿ ಮುಚ್ಚು ಅಂತ ನೂರು ಸಲ ಹೇಳ್ರಿ, ಹೊಳ್ಳಿ ಸುದ್ದಾ ನೋಡಂಗಿಲ್ಲ. ಹೆಸರು ಬೇಗಂ ಇಟ್ರ ಹಿಂಗೇ ಆಗೂದು."

ಅಂದು ಸಂಜೆ ಊಟಕ್ಕೆ ಕೂತಾಗ ಅಜ್ಜ ತೀರ್ಮಾನ ಹೇಳಿದ.

"ಅದನ್ನ ಉಣಕಲ್ಲ ಕೆರಿ ದಂಡಿಗೆ ಬಿಟ್ಟು ಬಾ ಉಸ್ಮಾನ. ಅದು ಇದ್ದರ ನನ್ನ ಕೈ ನಡ್ಯಂಗಿಲ್ಲ."

ರೊಟ್ಟಿ ಮುರಿಯುತ್ತಿದ್ದ ಉಸ್ಮಾನಸಾಬ ತಲೆಯೆತ್ತಿದ. "ಮುದಿ ಬೆಕ್ಕು, ಅಬ್ಬಾ. ಅಲ್ಲಿ ಹೆಂಗ ಬದಕತೈತಿ?"

"ಏನು?"

"ಮುದಿ ಆಗೇತಿ ಅಂದ್ನಿ!"

"ಒದರಬ್ಯಾಡ! ನನಗೇನು ಕೇಳಂಗಿಲ್ಲೇನು?" ಎಂದು ಅಜ್ಜ ಮಗನಿಗಿಂತ ಎರಡು ಪಟ್ಟು ಜೋರಾಗಿ ಒದರಿದ. "ನಾಳೆ ಮಾಸ್ತರ ಬರ್ತಾನ. ಬೆಕ್ಕು ಇರಬೇಕೋ, ಅಂಗಡಿ ಇರಬೇಕೋ?"

"ನಾನೂ ಹೋಗತೇನಿ," ಎಂದಳು ಅಬೀದಾ. "ನಾನೇ ಬಿಟ್ಟು ಬರ್ತೇನಿ. ನಾಳೆ ನಮಗ ಸಾಲಿ ಇಲ್ಲ."

ತಾಯಿ ಅವಳನ್ನು ಒಮ್ಮೆ ನೋಡಿದಳು.

ಮರುದಿನ ಶುಕ್ರವಾರ, ಅಬೀದಾಳ ಉರ್ದು ಶಾಲೆಗೆ ವಾರದ ರಜೆ. ಉಣಕಲ್ಲಿನಲ್ಲಿ ಒಬ್ಬರ ಹತ್ತಿರ ಒಣಗಿದ ಸಾಗವಾನಿ ಹಲಗೆ ಇದ್ದವು. ಅವನ್ನು ತರಲು ಹೇಗೂ ಉಸ್ಮಾನಸಾಬ ಹೋಗಬೇಕಿತ್ತು. ಬೆಳಿಗ್ಗೆಯೇ ಒಂದು ಖಾಲಿ ಚಕ್ಕಡಿ ಸಿಕ್ಕಿತು. ಅಬೀದಾ ಮುಚ್ಚಳದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಬುಟ್ಟಿಯೊಳಗಿಂದ ಬೇಗಂ ದಾರಿಯುದ್ದಕ್ಕೂ ಒದರಿದಳು. ಗೋಪನಕೊಪ್ಪದ ಕಡೆಯಿಂದ ಮೊಸರು ಹೊತ್ತು ಬರುತ್ತಿದ್ದ ಹೆಂಗಸರು ನಿಂತು ನಿಂತು ನಕ್ಕರು.

"ನಗ್ರಿ, ನಗ್ರಿ," ಎಂದು ಅಬೀದಾ ಹಲ್ಲು ಕಚ್ಚಿದಳು. "ಇವತ್ತೇ ಕಡೀದು."

ಕೆರೆಯ ದಂಡೆಯಲ್ಲಿ ಅಪ್ಪ ಇಳಿದ. "ನೀ ಇಲ್ಲೇ ಇರು. ನಾ ಹಲಗಿ ನೋಡಿ ಲಗೂನ ಬರ್ತೇನಿ. ನಮಾಜಿನ ಹೊತ್ತಿಗೆ ಮನಿ ಮುಟ್ಟಬೇಕು." ಬುಟ್ಟಿಯ ಕಡೆ ನೋಡದೆಯೇ ಅವನು ಊರೊಳಗೆ ಹೋದ.

ಅಬೀದಾ ಬುಟ್ಟಿಯ ಮುಚ್ಚಳ ತೆರೆದಳು. ಬೇಗಂ ಹೊರಗೆ ಬಂದು ಮೈ ಕೊಡವಿದಳು. ಕೆರೆಯ ನೀರು ನೋಡಿದಳು, ಬಟ್ಟೆ ಒಗೆಯುವವರನ್ನು ನೋಡಿದಳು, ಅಬೀದಾಳನ್ನು ನೋಡಿದಳು. ಆಮೇಲೆ ಬಾಯಿ ತೆರೆದಳು.

"ಒದರು, ಎಷ್ಟು ಬೇಕು ಅಷ್ಟು ಒದರು," ಎಂದಳು ಅಬೀದಾ. "ಇಲ್ಲಿ ಕೇಳಾಕ ಬೆಳ್ಳಕ್ಕಿ ಅದಾವ. ಅವಕ್ಕೇನೂ ಪೇಟಿ ಕೂಡಸೂದಿಲ್ಲ."

ಮಡಿಲಲ್ಲಿದ್ದ ರೊಟ್ಟಿಯ ಚೂರೊಂದನ್ನು ನೆಲಕ್ಕೆ ಹಾಕಿ, ಬೆನ್ನು ತಿರುಗಿಸಿ, ಹುಣಸೆ ಮರದ ಕಡೆ ನಡೆದಳು. ಹೊಳ್ಳಿ ನೋಡಬಾರದು ಎಂದುಕೊಂಡಿದ್ದಳು. ಆದರೂ ನೋಡಿದಳು.

ಬೇಗಂ ರೊಟ್ಟಿಯನ್ನು ಮೂಸಿಯೂ ಇರಲಿಲ್ಲ. ನಡುರಸ್ತೆಯಲ್ಲಿ, ಬಿಸಿಲಿಗೆ ಕಾದ ಧೂಳಿನ ಮೇಲೆ, ಆರಾಮಾಗಿ ಕೂತು ಮುಂಗಾಲು ನೆಕ್ಕಿಕೊಳ್ಳುತ್ತಿದ್ದಳು.

ಅದೇ ಹೊತ್ತಿಗೆ ಧಾರವಾಡದ ಕಡೆಯ ಇಳಿಜಾರಿನಿಂದ ಹತ್ತಿಯ ಅಂಡಿಗೆ ಹೇರಿದ ಗಾಡಿಯೊಂದು ಇಳಿಯುತ್ತಾ ಬಂತು. ಎತ್ತುಗಳ ಕೊರಳಲ್ಲಿ ದೊಡ್ಡ ದೊಡ್ಡ ಗಂಟೆ. ಎಣ್ಣೆ ಕಾಣದ ಗಾಲಿಗಳು ಕಿರ್ರೋ ಎನ್ನುತ್ತಿದ್ದವು. ಆ ಸದ್ದಿಗೆ ಬೆಳ್ಳಕ್ಕಿಗಳೂ ಹಾರಿದವು. ಬೇಗಂ ಮಾತ್ರ ಗಾಡಿಗೆ ಬೆನ್ನು ಮಾಡಿ ಕಾಲು ನೆಕ್ಕುತ್ತಲೇ ಇದ್ದಳು.

"ಹೊಯ್! ಏ ಬೆಕ್ಕ! ಸರಿ!" ಗಾಡಿಯವನು ಕೂಗಿದ.

ಬೇಗಂ ಅಲುಗಲಿಲ್ಲ.

"ಬೇಗಂ!" ಅಬೀದಾ ಕಿರುಚಿದಳು. "ಏ ಬೇಗಂ! ಏಳು!"

ಒಂದು ಕಿವಿಯೂ ನಿಮಿರಲಿಲ್ಲ. ಸೊಕ್ಕಿನವರಾದರೂ ಕಿವಿ ನಿಮಿರಿಸುತ್ತಾರೆ. ಆಮೇಲೆ ಬೇಕಾದರೆ ಕೇಳದವರ ಹಾಗೆ ನಟಿಸುತ್ತಾರೆ. ಇದು ನಟನೆಯಲ್ಲ.

ಅಬೀದಾ ಓಡಿದಳು. ಬೇಗಂಳ ಕುತ್ತಿಗೆಗೆ ಕೈಹಾಕಿ ಎಳೆದುಕೊಂಡು ರಸ್ತೆಯ ಆಚೆ ಬದಿಗೆ ಬಿದ್ದಳು. ಮೊಣಕಾಲು ತರಚಿತು. ಎತ್ತುಗಳು ಬೆದರಿ ಪಕ್ಕಕ್ಕೆ ಸರಿದವು. ಗಾಲಿ ಬೇಗಂ ಕೂತಿದ್ದ ಜಾಗದ ಮೇಲೇ ಹಾದುಹೋಯಿತು.

"ಏನ ಹುಡುಗಿ, ಸಾಯಾಕ ಬಂದೀಯೇನು?" ಗಾಡಿಯವನು ಬೈದ. "ಬೆಕ್ಕಿಗಂತೂ ಬುದ್ಧಿ ಇಲ್ಲ, ನಿನಗೂ ಇಲ್ಲೇನು?"

ಬೇರೆ ದಿನವಾಗಿದ್ದರೆ ಅಬೀದಾ ತಿರುಗಿ ಒಂದಕ್ಕೆರಡು ಹೇಳುತ್ತಿದ್ದಳು. ಈಗ ಅವಳು ಬೇಗಂಳನ್ನೇ ನೋಡುತ್ತಿದ್ದಳು. ಕೆಳಗೆ ಬಿಟ್ಟು, ಅವಳ ಬೆನ್ನ ಹಿಂದೆ ಹೋಗಿ ಚಪ್ಪಾಳೆ ಹೊಡೆದಳು. ಏನೂ ಆಗಲಿಲ್ಲ. ಬುಟ್ಟಿಯ ಮುಚ್ಚಳವನ್ನು ಕಲ್ಲಿಗೆ ಬಡಿದಳು. ಏನೂ ಆಗಲಿಲ್ಲ. ಎದುರಿಗೆ ಬಂದು ಸುಮ್ಮನೆ ಕೈ ಆಡಿಸಿದಳು. ಬೇಗಂ ಥಟ್ಟನೆ ತಲೆ ಎತ್ತಿ, ಅವಳ ಮುಖ ನೋಡಿ, ಕೆರೆಯ ಆಚೆ ದಂಡೆಗೂ ಕೇಳುವ ಹಾಗೆ ಒದರಿದಳು.

ಅಪ್ಪ ಹಲಗೆ ಹೊತ್ತುಕೊಂಡು ಬಂದಾಗ ಅಬೀದಾ ಬುಟ್ಟಿ ಅಪ್ಪಿಕೊಂಡು ಕೂತಿದ್ದಳು.

"ಬಿಡಲಿಲ್ಲೇನು?"

"ಅಬ್ಬಾ, ಇದಕ್ಕ ಸೊಕ್ಕಿಲ್ಲ. ಕಿವಿ ಇಲ್ಲ!" ಅವಳು ಒಂದೇ ಉಸಿರಿಗೆ ಹೇಳಿದಳು. "ಗಾಡಿ ಬಂದ್ರೂ ಕೇಳಲಿಲ್ಲ, ನಾ ಕರದ್ರೂ ಕೇಳಲಿಲ್ಲ. ತನ್ನ ದನಿ ತನಗೇ ಕೇಳಂಗಿಲ್ಲ. ಅದಕ್ಕ ಅಷ್ಟು ಜೋರ್ಲೆ ಒದರತೈತಿ. ಎಷ್ಟು ಒದರಿದ್ರೂ ಮೆಲ್ಲಕ ಮಾತಾಡಿದಂಗ ಅನಸಬೇಕು ಅದಕ್ಕ. ಅದಲ್ಲದ ಮತ್ತೇನು?"

ತಾನು ಕಂಡುಹಿಡಿದದ್ದಕ್ಕೆ ಅಪ್ಪ ಶಾಬಾಸ್ ಎನ್ನುತ್ತಾನೆ ಎಂದುಕೊಂಡಿದ್ದಳು. ಉಸ್ಮಾನಸಾಬ ಹಲಗೆಗಳನ್ನು ಕೆಳಗಿಳಿಸಿ, ಕೆರೆಯ ಕಡೆ ನೋಡುತ್ತಾ ನಿಂತ.

"ವಯಸ್ಸಾದ ಮ್ಯಾಲೆ ಹಂಗಾಗತೈತಿ," ಎಂದ ಕೊನೆಗೆ. "ಬುಟ್ಟ್ಯಾಗ ಹಾಕ್ಕೋ, ನಡಿ. ದಾದಾಗ ಈಗ ಏನೂ ಹೇಳಬ್ಯಾಡ."

ಅಬ್ಬಾನಿಗೆ ದಾದಾ ಎಂದರೆ ಹೆದರಿಕೆ, ಎಂದು ಅಬೀದಾ ಒಳಗೊಳಗೇ ಮೂಗು ಮುರಿದಳು. ತನಗೇನೂ ಹೆದರಿಕೆಯಿಲ್ಲ. ಹೊತ್ತು ನೋಡಿ ತಾನೇ ಹೇಳುತ್ತೇನೆ ಎಂದುಕೊಂಡಳು.

ಮನೆ ಮುಟ್ಟಿದಾಗ ಅಜ್ಜ ನಮಾಜಿಗೆ ಹೋಗಿಬಿಟ್ಟಿದ್ದ. ಅಪ್ಪನೂ ಹಲಗೆ ಇಳಿಸಿ, ಕೈಕಾಲು ತೊಳೆದುಕೊಂಡು ಮಸೀದಿಗೆ ಓಡಿದ. ಅಬೀದಾ ಬೇಗಂಳನ್ನು ಕಟ್ಟಿಗೆ ಕೋಣೆಯ ಮೂಲೆಯಲ್ಲಿ, ಹೊಟ್ಟಿನ ರಾಶಿಯ ಮೇಲೆ ಮಲಗಿಸಿದಳು. ಪ್ರಯಾಣದಿಂದ ದಣಿದ ಬೇಗಂ ಅಲ್ಲೇ ನಿದ್ದೆ ಹೋದಳು. ರಸೂಲಬಿ ನೋಡಿದಳು. ನೋಡಿ, ಒಂದು ಬಟ್ಟಲು ಹಾಲು ತಂದು ಮೂಲೆಯಲ್ಲಿಟ್ಟಳು.

ಅಜ್ಜ ತಿರುಗಿ ಬಂದ. ಉಂಡ. ಕೈ ಒರೆಸಿಕೊಂಡು ಪೇಟಿಯ ಮುಂದೆ ಕೂತ. ಮುಚ್ಚಳ ಬಿಚ್ಚಿ, ಕನ್ನಡಕ ಏರಿಸಿ, ಅರ ಕೈಗೆ ತೆಗೆದುಕೊಂಡ. ಇಂದು ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಹೇಳಲು ಇದೇ ಸರಿಯಾದ ಹೊತ್ತು ಎಂದು ಅಬೀದಾ ಪಡದೆಯ ಹತ್ತಿರ, ಅಜ್ಜನ ಬೆನ್ನ ಹಿಂದೆ, ಬಂದು ನಿಂತಳು.

ಆಗ ಪಡದೆಯ ಹಿಂದೆ ಬೇಗಂ ಎಚ್ಚರಾದಳು.

"ಮ್ಯಾಂವ್... ಊಂವ್!"

ಇನ್ನೇನು ಅಜ್ಜ ಅರ ಎಸೆದು ಏಳುತ್ತಾನೆ. ಅಬೀದಾ ಕಣ್ಣು ಮುಚ್ಚಿಕೊಂಡಳು.

"ಮ್ಯಾಂ... ಊಂ... ಊಂವ್!"

ಹಳೆಯ ಬಾಗಿಲುಗಳೆಲ್ಲ ಒಮ್ಮೆಲೇ ತೆರೆದ ಹಾಗಿತ್ತು. ಬಳೆಯಂಗಡಿಯಲ್ಲಿ ಯಾರೋ, "ಬಂತಪಾ ಮತ್ತ!" ಎಂದು ನಕ್ಕದ್ದೂ ಕೇಳಿಸಿತು.

ಕಣ್ಣು ತೆರೆದರೆ ಅಜ್ಜನ ಕೈ ನಿಂತಿರಲಿಲ್ಲ. ಅರ ಹಿತ್ತಾಳೆಯ ಮೇಲೆ ಸಣ್ಣಗೆ ಓಡುತ್ತಲೇ ಇತ್ತು. ಅವನು ಅಕಸ್ಮಾತ್ತಾಗಿ ಪಕ್ಕಕ್ಕೆ ತಿರುಗಿ ಅಬೀದಾಳನ್ನು ಕಂಡು ಮುಗುಳ್ನಕ್ಕ.

"ನೋಡಿದೇನು ಅಬೀದಾ? ಆ ಶನಿ ಹೋತು, ಮನಿ ಎಷ್ಟು ತಣ್ಣಗಾಗೇತಿ!"

ಬೇಗಂ ಒದರುತ್ತಲೇ ಇದ್ದಳು.

ಅಡಿಗೆಮನೆಯ ಬಾಗಿಲಲ್ಲಿ ರಸೂಲಬಿ ಸೌಟು ಹಿಡಿದು ನಿಂತಿದ್ದಳು. ಪಡದೆಯ ಸಂದಿಯಿಂದ ತಾಯಿಯೂ ಮಗಳೂ ಒಬ್ಬರ ಮುಖ ಒಬ್ಬರು ನೋಡಿದರು. ತಾಯಿಯ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಕೆರೆಯ ಕಡೆ ನೋಡುತ್ತಾ ನಿಂತಾಗ ಅಪ್ಪನ ಮುಖವೂ ಹೀಗೇ ಇತ್ತು.

ಅಜ್ಜ ರೀಡನ್ನು ಕೂರಿಸಿ, ತಿದಿ ಒತ್ತಿ, ಸಾ ಮತ್ತು ಪಾ ಎರಡನ್ನೂ ಹಿಡಿದ. ಪಾ ವಂವ್ ವಂವ್ ಎಂದು ತೂಗಾಡಿತು. ನಿನ್ನೆಗಿಂತ ಇನ್ನೂ ಕೆಳಗೆ ಇಳಿದಿತ್ತು.

"ಹಾಂ, ಬರೋಬ್ಬರಿ ಆತು," ಎಂದು ಅಜ್ಜ ತಲೆದೂಗಿದ.

ಅಬೀದಾಳ ನಾಲಗೆಯ ತುದಿಗೆ ಮಾತು ಬಂದಿತ್ತು. ಅವಳಿಗೆ ಇಂಥ ಮಾತಿಗೆ ಎಂದೂ ಬರವಿರಲಿಲ್ಲ. ಮದೀನಾಬಿಗೆ ಹೇಳಿದ ಹಾಗೆ ಥಟ್ಟನೆ ಹೇಳಿಬಿಡಬಹುದಿತ್ತು. ಆದರೆ ಅಜ್ಜನ ಬೆರಳುಗಳ ಕಡೆ ನೋಡಿದಳು. ಹಿತ್ತಾಳೆಯ ಪುಡಿ ಉಗುರಿನ ಸಂದಿಯಲ್ಲಿ ಹೊಳೆಯುತ್ತಿತ್ತು. ಇಷ್ಟು ದಿನ ಇದೇ ಬೆರಳು, ಒಂದೊಂದೇ ಪಟ್ಟಿ ಒತ್ತಿ, ಕೇಳದ ಸ್ವರವನ್ನು ಕೇಳಿದೆನೆಂದುಕೊಂಡು ಹುಡುಕುತ್ತಿತ್ತೇ? ಮಾಸ್ತರರು ನಗುವಾಗ, ಎದುರಿಗೆ ಬಾಯಿ ತೆರೆದ ಬೆಕ್ಕೊಂದು ಕಂಡಿದ್ದಕ್ಕೆ ಅಜ್ಜನಿಗೆ ಎಷ್ಟು ಸಮಾಧಾನವಾಗಿರಬೇಕು!

ಬಾಯಿಗೆ ಬಂದ ಮಾತನ್ನು ಅವಳು ನುಂಗಿದಳು. ಅಜ್ಜನ ಬೆನ್ನ ಹಿಂದಿನಿಂದ ಸುತ್ತಿ ಬಂದು, ಪೇಟಿಯ ಆಚೆ ಬದಿಗೆ, ಅವನ ಎದುರಿಗೆ ಕೂತಳು.

"ದಾದಾ, ನನಗ ಸುರ ಕೂಡಸೂದು ಕಲಸ್ರಿ."

"ನಿನಗಾ?" ಅಜ್ಜ ಗಹಗಹಿಸಿ ನಕ್ಕ. "ಹುಡಿಗ್ಯಾರು ಪೇಟಿ ಕೂಡಸ್ತಾರೇನು? ಹೋಗ, ಲೆಕ್ಕಾ ಬರಿ ಹೋಗು."

ಅಬೀದಾ ಎದ್ದು ಹೋಗಲಿಲ್ಲ. "ಆ ಪಾ ಇನ್ನೂ ಇಳದೈತ್ರಿ ದಾದಾ," ಎಂದಳು. ಅಷ್ಟು ಮೆಲ್ಲಗೆ ಅವಳು ಯಾರ ತಪ್ಪನ್ನೂ ಹೇಳಿರಲಿಲ್ಲ.

ಅಜ್ಜನ ನಗು ನಿಂತಿತು. ಅವನು ಪೇಟಿಯನ್ನು ನೋಡಿದ, ಅಬೀದಾಳನ್ನು ನೋಡಿದ. ಗದರುತ್ತಾನೆ ಎಂದುಕೊಂಡಳು. ಗದರಲಿಲ್ಲ. ಅವನ ಕಣ್ಣಲ್ಲಿ ಅವಳು ಎಂದೂ ಕಾಣದ ಒಂದು ಅಂಜಿಕೆ ಕಂಡಿತು. ಕಂಡು ಕೂಡಲೇ ಮರೆಯಾಯಿತು.

"ಎಲ್ಲಿ ಉಜ್ಜಬೇಕು ಹಂಗಾದ್ರ?" ಪರೀಕ್ಷೆ ಮಾಡುವವನಂತೆ ಕೇಳಿದ.

"ತುದಿಗೆ. ತುದಿಗೆ ಉಜ್ಜಿದ್ರ ಏರತೈತಿ, ಬುಡಕ್ಕ ಉಜ್ಜಿದ್ರ ಇಳಿತೈತಿ. ನೀವೇ ಹೇಳೀರಿ."

"ಎಷ್ಟು?"

"ನಾ ಹೇಳತೇನಿ. ನೀವು ಉಜ್ಜ್ರಿ."

ಅಜ್ಜ ರೀಡನ್ನು ಮತ್ತೆ ಹೊರಗೆ ತೆಗೆದ. ಉಜ್ಜಿದ, ಕೂರಿಸಿದ, ತಿದಿ ಒತ್ತಿದ. ಅಬೀದಾ ತಲೆ ಅಲ್ಲಾಡಿಸಿದಳು. ಇನ್ನೂ ಇಲ್ಲ. ಮತ್ತೆ ಉಜ್ಜಿದ. ಇನ್ನೂ ಇಲ್ಲ. ಅಜ್ಜ ಈಗ ಪೇಟಿಯ ಕಡೆ ಕಿವಿ ಕೊಡುತ್ತಿರಲಿಲ್ಲ. ಕನ್ನಡಕದ ಮೇಲಿಂದ ಅವಳ ಮುಖವನ್ನೇ ನೋಡುತ್ತಿದ್ದ. ಸಾ, ಪಾ ಎರಡೂ ಒಂದರೊಳಗೊಂದು ಕರಗಿ ಮನೆ ತುಂಬಿದಾಗ ಅಬೀದಾಳ ಹುಬ್ಬು ತಾನಾಗಿ ಸಡಿಲವಾಯಿತು. ಅವಳು ಹೂಂ ಎನ್ನುವ ಮೊದಲೇ ಅಜ್ಜ ಅರ ಕೆಳಗಿಟ್ಟಿದ್ದ.

ಹೀಗೆ ಒಂದೊಂದೇ ಸ್ವರ ಮೇಲೆ ಬಂತು. ಪಡದೆಯ ಹಿಂದೆ ಬೇಗಂ ಆಗಾಗ ಒದರುತ್ತಿದ್ದಳು. ಆಗೆಲ್ಲ ಅಬೀದಾ ತಿದಿಗೆ ಕೈ ಅಡ್ಡ ಹಿಡಿದು, ಅದು ಮುಗಿಯುವವರೆಗೆ ತಡೆಯುತ್ತಿದ್ದಳು. ಯಾಕೆ ಎಂದು ಅಜ್ಜ ಕೇಳಲಿಲ್ಲ.

ಸಂಜೆ ಮಾಸ್ತರರು ಶಾಲು ಹೊದ್ದು ಬಂದರು. ಕೂತು, ಎಲ್ಲ ಪಟ್ಟಿಗಳ ಮೇಲೂ ಬೆರಳು ಓಡಿಸಿದರು. ತಪ್ಪು ಹುಡುಕಿದರು. ಮತ್ತೆ ಹುಡುಕಿದರು. ಸಿಗದಿದ್ದಾಗ ಅವರ ಮುಖ ಸಪ್ಪಗಾಯಿತು.

"ಹೂಂ. ನಡೀತದ," ಎಂದರು. ಕೂಲಿಯವನ ತಲೆಯ ಮೇಲೆ ಪೇಟಿ ಹೊರಿಸಿದರು. ಬಯ್ಯಲು ಏನಾದರೂ ಬೇಕಿತ್ತಲ್ಲ, ಒಳಗಿನಿಂದ ಬೇಗಂ ಅದನ್ನೂ ಕೊಟ್ಟಳು. "ಏನ್ರೀ, ಆ ಬೆಕ್ಕು ಇನ್ನೂ ಅದ? ಒಳಗ ಒದರ್ತದಲ್ಲ! ಊರೆಲ್ಲಾ ಕೇಳ್ತದ!"

"ಏನಂದ್ರಿ?" ಎಂದ ಅಜ್ಜ.

ಮಾಸ್ತರರು ಕೈ ಬೀಸಿ ಕಟ್ಟೆ ಇಳಿದರು. ಅದೇ ಹೊತ್ತಿಗೆ ಬೇಗಂ ಪಡದೆಯ ಕೆಳಗಿನಿಂದ ನುಸುಳಿ ಬಂದು, ಮೈಮುರಿದು, ಅಜ್ಜನ ಎದುರಿಗೇ ಕೂತಳು. ಮೈಗೆಲ್ಲ ಕಟ್ಟಿಗೆಯ ಹೊಟ್ಟು ಅಂಟಿತ್ತು.

ಅಜ್ಜ ಬೆಕ್ಕನ್ನು ನೋಡಿದ. ಪಡದೆಯನ್ನು ನೋಡಿದ. ಆಮೇಲೆ ಅಬೀದಾಳನ್ನು.

"ಯಾವಾಗ ಬಂತಿದು?"

"ಮಧ್ಯಾಹ್ನನೇ ಬಂತ್ರಿ."

ಅಜ್ಜ ಅವಳ ಕಡೆ ಬಾಗಿದ. "ಒದರತಿತ್ತೇನು?" ಎಂದ.

ಇಲ್ಲ, ಮಲಗಿತ್ತು ಎಂದು ಹೇಳಿಬಿಡೋಣ ಅನ್ನಿಸಿತು ಅಬೀದಾಳಿಗೆ. ಆದರೆ ಅಜ್ಜನ ಕಣ್ಣು ಅವಳ ತುಟಿಗಳ ಮೇಲಿತ್ತು. ಎಷ್ಟು ಕಾಲದಿಂದ ಅವನು ಹೀಗೆ ಎಲ್ಲರ ತುಟಿಗಳನ್ನೇ ನೋಡಿ ಮಾತು ತಿಳಿಯುತ್ತಿದ್ದನೋ!

"ಒದರತಿತ್ರಿ," ಎಂದಳು, ಒಂದೊಂದು ಅಕ್ಷರವೂ ಕಾಣುವ ಹಾಗೆ ಬಾಯಿ ಬಿಡಿಸಿ. "ಭಾಳ ಒದರತಿತ್ರಿ."

ಬೇಗಂ ಅಜ್ಜನ ಮುಖ ನೋಡಿ ಬಾಯಿ ತೆರೆದು ಇನ್ನೊಮ್ಮೆ ಕೂಗಿದಳು. ಎದುರಿನ ಅಂಗಡಿಯಲ್ಲಿ ಯಾರೋ ಥೂ ಎಂದರು. ಅಜ್ಜ ಮಾತ್ರ ಬೇಗಂಳ ಬೆನ್ನಿಗೆ ಅಂಟಿದ್ದ ಹೊಟ್ಟನ್ನು ಎರಡು ಬೆರಳಿಂದ ತೆಗೆದು ಹಾಕಿದ.

"ಇರಲಿ ಬಿಡು. ಒದರಿದ್ರ ಒದರಲಿ," ಎಂದ. "ನನಗೇನೂ ತ್ರಾಸ ಇಲ್ಲ."

ಹಾಗೆಂದು ತಾನೇ ನಗಲು ಶುರುಮಾಡಿದ. ಅಬೀದಾಳಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಆಮೇಲೆ ಅವಳೂ ನಕ್ಕಳು.

"ಒಂದು ಭಜನಾ ಪೇಟಿ ಬಂದು ಬಿದ್ದೈತಿ," ಎಂದ ಅಜ್ಜ, ಅರವನ್ನು ಬಟ್ಟೆಯಲ್ಲಿ ಸುತ್ತುತ್ತಾ. "ನಾಳೆ ಸಾಲಿ ಬಿಟ್ಟ ಕೂಡ್ಲೆ ಬರ್ತೀಯೇನು?"

ಅಜ್ಜ ತಲೆ ಎತ್ತಿ ತನ್ನ ಕಡೆ ನೋಡುವ ತನಕ ಅಬೀದಾ ಕಾದು, ಅವನಿಗೆ ಕಾಣುವಂತೆ ದೊಡ್ಡದಾಗಿ ತಲೆ ಆಡಿಸಿದಳು.